ಒರೆಸುವ ಮುನ್ನ ಬೆಲೆ ಕಟ್ಟಿ: ಕೈಯಲ್ಲಿ ತಯಾರಾದ ಮಡಚುವ ಚಾಕುವಿನ ಮರುಮಾರಾಟದ ಲೆಕ್ಕ

ಅತ್ತಿಗೆ ಆ ಚಾಕುವನ್ನು ಹಳೆಯ ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ನಾವಿರುವುದು ಅಮೆರಿಕದ ಒಹಾಯೊ ರಾಜ್ಯದಲ್ಲಿ. ಅವರ ಯಜಮಾನರು ಇಲ್ಲಿಯೇ ಮೂವತ್ತು ವರ್ಷ ಎಂಜಿನಿಯರ್ ಆಗಿದ್ದು, ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಮೇಜಿನ ಡ್ರಾಯರ್ ತೆರವು ಮಾಡುವಾಗ ಸಿಕ್ಕಿದ ಮಡಚುವ ಚಾಕು ಅದು. "ಒಬ್ಬ ಕುಶಲಕರ್ಮಿಯ ಹತ್ತಿರ ಹೇಳಿ ಮಾಡಿಸಿಕೊಂಡದ್ದಂತೆ. ಮಾರಿದರೆ ಎಷ್ಟು ಬರಬಹುದು, ನೀವೇ ನೋಡಿ ಹೇಳಿ" ಎಂದರು. ಆಮೇಲೆ ಸಂತೋಷದಿಂದ ಸೇರಿಸಿದರು: "ಮಂಕಾಗಿತ್ತು. ಅಂಗಡಿಗೆ ಕೊಟ್ಟು ಪಾಲಿಶ್ ಮಾಡಿಸಿದೆ, ಸಾಣೆಯನ್ನೂ ಹಿಡಿಸಿದೆ."

ಅಲಗನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಡಮಾಸ್ಕಸ್ ಉಕ್ಕಿನ ಅಲಗು. ಕೀಲಿನ ಹತ್ತಿರ, ಯಂತ್ರದ ಚಕ್ರ ತಲುಪದ ಬೆರಳಗಲ ಜಾಗದಲ್ಲಿ ಮಾತ್ರ ನೀರಿನ ಅಲೆಯಂಥ ಗೆರೆಗಳು ಉಳಿದಿದ್ದವು. ಮಿಕ್ಕಿದ್ದೆಲ್ಲ ಸ್ಟೀಲ್ ಚಮಚದಂತೆ ನುಣ್ಣಗೆ ಹೊಳೆಯುತ್ತಿತ್ತು. ಆ ಹೊಳಪಿಗಾಗಿ ಅತ್ತಿಗೆ ನಲವತ್ತು ಡಾಲರ್ ಕೊಟ್ಟಿದ್ದರು. ಚಾಕುವಿನ ಬೆಲೆಯಲ್ಲಿ ಕಳೆದುಹೋದದ್ದು ಅದರ ಎಷ್ಟೋ ಪಟ್ಟು.

ಅಮೆರಿಕದಲ್ಲಿ ಇಂಥ ಚಾಕುಗಳಿಗೆ ದೊಡ್ಡ ಮಾರುಕಟ್ಟೆಯೇ ಇದೆ. ಪ್ರತಿ ವರ್ಷ ಜೂನ್‌ನಲ್ಲಿ ಅಟ್ಲಾಂಟಾದಲ್ಲಿ ನಡೆಯುವ 'ಬ್ಲೇಡ್ ಶೋ'ಗೆ ನೂರಾರು ತಯಾರಕರು ಬರುತ್ತಾರೆ. ಬೇಡಿಕೆ ಹೆಚ್ಚಿರುವವರ ಮೇಜಿನ ಮುಂದೆ ಚೀಟಿ ಎತ್ತಿ ಗೆದ್ದವರಿಗೆ ಮಾತ್ರ ಚಾಕು ಸಿಗುತ್ತದೆ. ಹೀಗೆ ಕೊಂಡವುಗಳು ಮುಂದೆ ಕೈಯಿಂದ ಕೈಗೆ ಹೋಗುತ್ತಲೇ ಇರುತ್ತವೆ. ಇಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿಯೂ ಒಂದೊಂದು ಇರುವುದನ್ನು ಕಂಡಿದ್ದೇನೆ. ಅದನ್ನು ಮಾರುವ ಪ್ರಸಂಗ ಬಂದರೆ ಬೆಲೆ ಅಂದಾಜು ಮಾಡುವುದು ಹೇಗೆ?

ಮೊದಲಿಗೆ, ಏನನ್ನೂ ಮಾಡಬೇಡಿ

ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ತಿಕ್ಕಿ ಬೆಳಗುವ ಕೈ ನಮ್ಮದು. ಚಾಕುವಿನ ವಿಷಯದಲ್ಲಿ ಆ ಕೈಯನ್ನು ತಡೆಯಿರಿ. ಒಣಗಿದ ಮೆತ್ತನೆಯ ಬಟ್ಟೆಯಿಂದ ಬೆರಳಚ್ಚು ಒರೆಸಿ, ಒಂದು ಹನಿ ಮಿನರಲ್ ಎಣ್ಣೆ ಸವರಿ, ಅಲ್ಲಿಗೆ ನಿಲ್ಲಿಸಿ. ಸಾಣೆ ಬೇಡ, ಪಾಲಿಶ್ ಬೇಡ, ತಿರುಪು ಬಿಚ್ಚುವುದಂತೂ ಬೇಡವೇ ಬೇಡ. ತಯಾರಕ ತಾನೇ ಹಿಡಿದ ಮೊದಲ ಸಾಣೆ ಹಾಗೆಯೇ ಇದ್ದರೆ ಸಂಗ್ರಾಹಕ ಅದಕ್ಕೆ ಹೆಚ್ಚು ಹಣ ಕೊಡುತ್ತಾನೆ. ಒಮ್ಮೆ ಉಜ್ಜಿದರೆ ಅದು ಮರಳಿ ಬರುವುದಿಲ್ಲ.

ಡಮಾಸ್ಕಸ್ ಅಲಗಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಇಂದಿನ ಡಮಾಸ್ಕಸ್ ಎಂದರೆ ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬೆಸೆದು, ಬಡಿದು, ಮಡಿಸಿ ಮಾಡಿದ್ದು. ಸಾಮಾನ್ಯವಾಗಿ ಬಳಸುವ ಜೋಡಿ 1095 ಮತ್ತು 15ಎನ್20. ಎರಡನೆಯದರಲ್ಲಿ ನಿಕಲ್ ಇರುವುದರಿಂದ ಆಮ್ಲದಲ್ಲಿ ಅದ್ದಿದಾಗ ಅದು ಬೆಳ್ಳಗೆ ಉಳಿಯುತ್ತದೆ, ಮೊದಲನೆಯದು ಕಪ್ಪಾಗುತ್ತದೆ. ನಾವು ನೋಡಿ ಬೆರಗಾಗುವ ಅಲೆಗಳು ಈ ಕಪ್ಪು ಬಿಳುಪಿನ ಆಟ. ಅದು ಇರುವುದು ಮೇಲ್ಮೈಯಲ್ಲಿ. ಪಾಲಿಶ್ ಚಕ್ರ ಕಳೆದದ್ದು ಅದನ್ನೇ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಳೆಯ ಕಾಲದ ನಿಜವಾದ ಡಮಾಸ್ಕಸ್ ಕತ್ತಿಗಳಿಗೆ ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿದ ಉಕ್ಕು ಹೋಗುತ್ತಿತ್ತು. ಅದಕ್ಕೆ ಇಂಗ್ಲಿಷರು ಇಟ್ಟ 'ವೂಟ್ಸ್' ಎಂಬ ಹೆಸರು ನಮ್ಮ 'ಉಕ್ಕು' ಪದದ ಅಪಭ್ರಂಶ ಎಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಅದರ ಅಲೆಗಳು ಉಕ್ಕಿನ ಒಡಲಲ್ಲಿಯೇ ಹುಟ್ಟುತ್ತಿದ್ದವು, ಪದರ ಬೆಸೆಯುವುದರಿಂದ ಬರುತ್ತಿರಲಿಲ್ಲ. ಹಾಗಾಗಿ ಮಾರುವವನು 'ಡಮಾಸ್ಕಸ್' ಎಂದು ಮಾತ್ರ ಬರೆದಿದ್ದರೆ, ಬೆಸೆದದ್ದೋ ವೂಟ್ಸೋ ಎಂದು ಕೇಳಿ. ವೂಟ್ಸ್ ಅಲಗನ್ನು ಮಾಡಬಲ್ಲವರು ಇವತ್ತು ಕೆಲವರೇ ಇದ್ದಾರೆ.

ಯಾರ ಕೈಯದು?

ಬೆಲೆಯ ಬಹುಪಾಲು ನಿರ್ಧಾರವಾಗುವುದು ಇಲ್ಲಿ. ಅಲಗಿನ ಬುಡದಲ್ಲಿ ತಯಾರಕನ ಹೆಸರೋ ಗುರುತೋ ಇರುತ್ತದೆ. ಭೂತಗನ್ನಡಿ ಹಿಡಿದು ಓದಿ. ತಯಾರಕರು ಕಾಲಕಾಲಕ್ಕೆ ಗುರುತು ಬದಲಿಸುವುದರಿಂದ ಅದರಲ್ಲಿ ಚಾಕುವಿನ ವಯಸ್ಸೂ ತಿಳಿಯುತ್ತದೆ. 2010ರಲ್ಲಿ ತೀರಿಕೊಂಡ ಹೆಸರಾಂತ ತಯಾರಕ ಬಾಬ್ ಲವ್‌ಲೆಸ್ ಹೆಚ್ಚಾಗಿ ಮಡಚದ ಚಾಕುಗಳನ್ನೇ ಮಾಡಿದವರು. ಅವರ ಗುರುತಿನಲ್ಲಿ ಲಾನ್‌ಡೇಲ್ ಎಂಬ ಊರಿನ ಹೆಸರಿದ್ದರೆ ಅದು ಮೊದಲ ಕಾಲದ್ದು, ರಿವರ್‌ಸೈಡ್ ಎಂದಿದ್ದರೆ ಆಮೇಲಿನದು. 1976ರಲ್ಲಿ ಆರಂಭವಾದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯ ಪರೀಕ್ಷೆ ಪಾಸಾದವರು ಹೆಸರಿನ ಜೊತೆ 'ಜೆಎಸ್' (ಜರ್ನಿಮನ್ ಸ್ಮಿತ್) ಅಥವಾ ಅದಕ್ಕೂ ಮೇಲಿನ ಹಂತದ 'ಎಂಎಸ್' (ಮಾಸ್ಟರ್ ಸ್ಮಿತ್) ಎಂದು ಒತ್ತುತ್ತಾರೆ. ತೂಗುಬಿಟ್ಟ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಿ, ಮರದ ರೀಪುಗಳನ್ನು ಕಡಿದು, ಆಮೇಲೂ ಕೈಯ ರೋಮ ಬೋಳಿಸುವಷ್ಟು ಹರಿತ ಉಳಿದಿರಬೇಕು. ಕೊನೆಗೆ ಅದೇ ಅಲಗನ್ನು ತೊಂಬತ್ತು ಡಿಗ್ರಿ ಬಗ್ಗಿಸಿದರೂ ತುಂಡಾಗಬಾರದು. ಇಂಥ ಪರೀಕ್ಷೆ ಅದು. 'ಎಂಎಸ್' ಅಕ್ಷರಗಳಿಗೆ ಮಾರುಕಟ್ಟೆ ಬೆಲೆ ಕೊಡುವುದು ಸುಮ್ಮನೆ ಅಲ್ಲ.

'ಕಸ್ಟಮ್' ಎಂಬ ಪದವನ್ನು ಜನ ಸಡಿಲವಾಗಿ ಬಳಸುತ್ತಾರೆ. ಒಬ್ಬನೇ ಕುಳಿತು ಮೊದಲಿನಿಂದ ಕೊನೆಯವರೆಗೆ ಮಾಡಿದ್ದು ಒಂದು ಬಗೆ. ಭಾಗಗಳನ್ನು ಯಂತ್ರದಲ್ಲಿ ಕತ್ತರಿಸಿ ತಂದು ತಯಾರಕ ಜೋಡಿಸಿದ್ದು ಇನ್ನೊಂದು, ಇದಕ್ಕೆ 'ಮಿಡ್‌ಟೆಕ್' ಎನ್ನುತ್ತಾರೆ. ಅವನ ವಿನ್ಯಾಸವನ್ನು ಕಾರ್ಖಾನೆ ತಯಾರಿಸಿದ್ದು ಮೂರನೆಯದು. ಮೂರರ ನಡುವೆ ಬೆಲೆಯ ಅಂತರ ಅಜಗಜಾಂತರ. ಅರ್ನೆಸ್ಟ್ ಎಮರ್ಸನ್ ಅವರ ಕಂಪನಿಯ ಚಾಕು ಇನ್ನೂರು ಮುನ್ನೂರು ಡಾಲರಿಗೆ ಸಿಕ್ಕರೆ, ಅವರು ಸ್ವಂತ ಕೈಯಿಂದ ಮಾಡಿದ್ದು ಸಾವಿರ ಡಾಲರ್ ದಾಟುತ್ತದೆ. ಕ್ರಿಸ್ ರೀವ್ ಹೆಸರಿನ 'ಸೆಬೆಂಜಾ'ವನ್ನು ಹಲವರು ಕಸ್ಟಮ್ ಎಂದುಕೊಂಡಿದ್ದಾರೆ. ಐಡಾಹೊ ರಾಜ್ಯದ ಬಾಯ್ಸಿ ನಗರದ ಕಾರ್ಖಾನೆಯಲ್ಲಿ ಅತಿ ನಿಖರವಾಗಿ ತಯಾರಾಗುವ ಚಾಕು ಅದು. ಅದರೊಂದಿಗೆ ಹುಟ್ಟಿದ ದಿನಾಂಕ ಬರೆದ ಒಂದು ಚೀಟಿ ಬರುತ್ತದೆ. ಜಾತಕದಂತೆ ಅದನ್ನು ಜೋಪಾನ ಮಾಡಿ. ಪೆಟ್ಟಿಗೆ, ಚೀಟಿ, ರಸೀದಿ, ತಯಾರಕ ಬರೆದ ಪತ್ರ, ಇವೆಲ್ಲ ಇದ್ದರೆ ಕೊಳ್ಳುವವನ ಅನುಮಾನ ಅರ್ಧ ಇಳಿಯುತ್ತದೆ. ಯಾಕೆಂದರೆ ಸೆಬೆಂಜಾ, ರಿಕ್ ಹಿಂಡರರ್ ಅವರ ಎಕ್ಸ್ಎಂ-18ರಂಥ ಹೆಸರುವಾಸಿ ಚಾಕುಗಳಿಗೆ ನಕಲಿಗಳು ಧಾರಾಳವಾಗಿವೆ.

ತಯಾರಕ ಬದುಕಿದ್ದರೆ ಫೋಟೋ ಸಮೇತ ಅವನಿಗೇ ಒಂದು ಪತ್ರ ಬರೆಯಿರಿ. ಬಹಳ ಮಂದಿ ಲೆಕ್ಕದ ಪುಸ್ತಕ ಇಟ್ಟಿರುತ್ತಾರೆ, ಯಾವ ವರ್ಷ ಯಾರಿಗೆ ಮಾಡಿದ್ದು ಎಂದು ತಿಳಿಸುತ್ತಾರೆ. ತೀರಿಕೊಂಡಿದ್ದರೆ ಬೆಲೆ ತಾನಾಗಿ ಏರುತ್ತದೆ ಎಂಬ ನಂಬಿಕೆ ಮಾತ್ರ ಅರ್ಧಸತ್ಯ. ಬದುಕಿದ್ದಾಗಲೇ ಹೆಸರು ಮಾಡಿದವರದು ಏರುತ್ತದೆ. ಉಳಿದವರನ್ನು ಮಾರುಕಟ್ಟೆ ಬೇಗ ಮರೆಯುತ್ತದೆ, ಕೆಲಸ ಎಷ್ಟೇ ಚೆನ್ನಾಗಿದ್ದರೂ. ಇದು ನನಗೆ ಬೇಸರದ ವಿಷಯ.

ಕೀಲು ಮತ್ತು ಲಾಕ್

ಈಗ ಚಾಕುವನ್ನು ಮಡಚಿ, ಹಿಡಿಯ ಬಾಯಿಯೊಳಗೆ ನೇರವಾಗಿ ನೋಡಿ. ಅಲಗು ಎರಡೂ ಬದಿಗೆ ಸಮ ದೂರದಲ್ಲಿ ಕುಳಿತಿರಬೇಕು. ಒಂದು ಬದಿಗೆ ವಾಲಿದ್ದರೆ ಯಾರೋ ಬಿಚ್ಚಿ ಜೋಡಿಸಿರಬಹುದು. ತಿರುಪಿನ ತಲೆಗಳನ್ನು ಗಮನಿಸಿ, ಅಂಚು ಕೆತ್ತಿಹೋಗಿದ್ದರೆ ಅನುಮಾನ ಖಚಿತ.

ಆಮೇಲೆ ನಿಧಾನವಾಗಿ ಬಿಡಿಸಿ. 'ಟಕ್' ಎಂದು ಲಾಕ್ ಬೀಳುವ ಜಾಗವನ್ನು ನೋಡಿ. ಮೈಕೇಲ್ ವಾಕರ್ 1980ರ ದಶಕದಲ್ಲಿ ರೂಪಿಸಿದ ಲೈನರ್ ಲಾಕ್‌ನಲ್ಲಿ ಹಿಡಿಯೊಳಗಿನ ತೆಳುವಾದ ಪಟ್ಟಿಯೊಂದು ಅಲಗಿನ ಬುಡದ ಹಿಂದೆ ಬಂದು ನಿಲ್ಲುತ್ತದೆ. ಫ್ರೇಮ್ ಲಾಕ್‌ನಲ್ಲಿ ಆ ಕೆಲಸವನ್ನು ಹಿಡಿಯ ಒಂದು ಮೈಯೇ ಮಾಡುತ್ತದೆ. ಹೊಸ ಚಾಕುವಿನಲ್ಲಿ ಪಟ್ಟಿ ಅಲಗಿನ ಬುಡದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಸರಿದು ನಿಲ್ಲುವುದು ವಾಡಿಕೆ. ಈ ಪಟ್ಟಿ ಹೆಚ್ಚಾಗಿ ಟೈಟಾನಿಯಂನದು, ಅದು ಉಕ್ಕಿಗಿಂತ ಮೆತ್ತಗೆ. ಸಾವಿರಾರು ಸಲ ಉಜ್ಜಿಕೊಂಡು ಸವೆಯುತ್ತಾ, ಪಟ್ಟಿ ಆಚೆಯ ಬದಿಯತ್ತ ಸರಿಯುತ್ತದೆ. ಕೊನೆಯಂಚಿಗೆ ಮುಟ್ಟಿದ್ದರೆ ದುರಸ್ತಿ ಬೇಕು.

ಒಂದು ಕೈಯಲ್ಲಿ ಹಿಡಿಯನ್ನೂ ಇನ್ನೊಂದು ಕೈಯ ಬೆರಳುಗಳಲ್ಲಿ ಅಲಗಿನ ಬೆನ್ನನ್ನೂ ಹಿಡಿದು ಅಲ್ಲಾಡಿಸಿ. ಎಡಬಲಕ್ಕೆ ಅಲುಗಿದರೆ ಸಾಮಾನ್ಯವಾಗಿ ಕೀಲಿನ ತಿರುಪು ಬಿಗಿಸಿದರೆ ಸರಿಹೋಗುತ್ತದೆ. ಮೇಲೆಕೆಳಗೆ ಅಲುಗಿದರೆ ಲಾಕ್ ಸೋತಿದೆ ಎಂದರ್ಥ. ಅಂಥ ಚಾಕುವಿಗೆ ನಾನು ಮೂರನೇ ಒಂದು ಭಾಗದಷ್ಟು ಬೆಲೆ ಕಡಿಮೆ ಹೇಳುತ್ತೇನೆ. ಹಿಡಿಯ ಮೇಲೆ ಕ್ಲಿಪ್‌ನ ಪಕ್ಕದಲ್ಲಿ ಬಸವನಹುಳು ಹರಿದಂಥ ಗೀರುಗಳಿದ್ದರೆ, ಚಾಕು ಜೇಬಿನಲ್ಲಿ ಓಡಾಡಿದೆ ಎಂದು ಗೊತ್ತಾಗುತ್ತದೆ. ಅದು ದೋಷವಲ್ಲ. 'ಬಳಸಿಲ್ಲ' ಎಂದು ಹೇಳುವಂತಿಲ್ಲ, ಅಷ್ಟೇ.

ಉಕ್ಕು, ಹಿಡಿ, ಕಾನೂನು

ಉಕ್ಕಿನ ಹೆಸರು ಹಳೆಯದಾದ ಮಾತ್ರಕ್ಕೆ ಬೆಲೆ ಇಳಿಯುವುದಿಲ್ಲ. 1970ರ ದಶಕದ ಚಾಕುವಿಗೆ 154ಸಿಎಂ, 2001ರ ನಂತರದ್ದಕ್ಕೆ ಎಸ್30ವಿ, 2021ರ ನಂತರದ್ದಕ್ಕೆ ಮ್ಯಾಗ್ನಾಕಟ್, ಹೀಗೆ ಕಾಲಕ್ಕೆ ತಕ್ಕ ಉಕ್ಕು ಇದ್ದರೆ ಸಾಕು. ಚಾಕುವಿನ ವಯಸ್ಸು ಹಿಂದಿನದು, ಉಕ್ಕು ಆಮೇಲೆ ಬಂದದ್ದು ಎಂದಾದರೆ ಎಚ್ಚರ.

ಹಿಡಿಯಲ್ಲಿ ನಮ್ಮ ಕಾಡಿನ ಗುರುತೂ ಇರಬಹುದು. ಚಾಕು ಪ್ರಪಂಚದಲ್ಲಿ ಅತ್ಯುತ್ತಮ ಎನಿಸಿದ ಕೊಂಬಿನ ಹಿಡಿ ಭಾರತದ ಕಡವೆಯದು. ಹೊರಮೈ ಒರಟು, ಒಳಗೆ ಗಟ್ಟಿ. ಕಡವೆ ಕೊಂಬಿನ ರಫ್ತು ಭಾರತದಿಂದ ನಿಂತುಹೋದ ಮೇಲೆ ಅಮೆರಿಕದಲ್ಲಿ ಹಳೆಯ ದಾಸ್ತಾನು ದುಬಾರಿಯಾಯಿತು. ಅತ್ತಿಗೆಯ ಚಾಕುವಿನ ಹಿಡಿ ಅದೇ ಕೊಂಬು, ಜೇನಿನ ಬಣ್ಣಕ್ಕೆ ತಿರುಗಿತ್ತು. ಅದನ್ನು ಭಾರತಕ್ಕೆ ಒಯ್ಯುವ ಯೋಚನೆಯನ್ನೇ ಮಾಡಬೇಡಿ ಎಂದು ಅವರಿಗೆ ಹೇಳಿದೆ. ವನ್ಯಜೀವಿ ಕಾನೂನು ಅಡ್ಡ ಬರುತ್ತದೆ.

ದಂತದ ಹಿಡಿಯಾದರೆ ಇನ್ನೂ ಬಿಗಿ. ಅಮೆರಿಕದಲ್ಲಿ 2016ರಿಂದ ಆಫ್ರಿಕದ ಆನೆದಂತದ ವ್ಯಾಪಾರಕ್ಕೆ ಬಹುತೇಕ ಪೂರ್ಣ ನಿಷೇಧವಿದೆ. ಕ್ಯಾಲಿಫೋರ್ನಿಯಾದಲ್ಲಿ ಅಳಿದುಹೋದ ಮ್ಯಾಮತ್‌ನ ದಂತವನ್ನೂ ಮಾರುವಂತಿಲ್ಲ. ಗುಂಡಿ ಒತ್ತಿದರೆ ತಾನಾಗಿ ತೆರೆಯುವ ಚಾಕುಗಳನ್ನು ರಾಜ್ಯದಿಂದ ರಾಜ್ಯಕ್ಕೆ ಮಾರಾಟಕ್ಕೆ ಕಳಿಸುವುದಕ್ಕೆ 1958ರ ಕಾನೂನಿನ ಕಡಿವಾಣವಿದೆ. ಕೊಳ್ಳುವವರ ಸಂಖ್ಯೆ ಕುಗ್ಗಿದಷ್ಟೂ ಬೆಲೆ ಕುಗ್ಗುತ್ತದೆ.

ಕೇಳಿದ ಬೆಲೆಯನ್ನು ಬಿಡಿ, ಮಾರಿದ ಬೆಲೆಯನ್ನು ಹಿಡಿಯಿರಿ

ತಿಂಗಳುಗಟ್ಟಲೆ ಮಾರಾಟವಾಗದೆ ಕುಳಿತ ಚಾಕುವಿಗೆ ಯಾರೋ ಬರೆದ ಅಂಕಿ ನಿಮ್ಮ ಆಸೆಯನ್ನು ಬೆಳೆಸುತ್ತದೆ, ಅಷ್ಟೇ. ಅದೇ ತಯಾರಕನ, ಅದೇ ಮಾದರಿಯ ಚಾಕುಗಳು ಕಳೆದ ಒಂದು ವರ್ಷದಲ್ಲಿ ನಿಜವಾಗಿ ಎಷ್ಟಕ್ಕೆ ಹೋದವು ಎಂದು ಹುಡುಕಿ. ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಾಟವಾದವನ್ನು ಮಾತ್ರ ಬೇರೆಯಾಗಿ ನೋಡುವ ಅನುಕೂಲವಿದೆ. ಹರಾಜು ಸಂಸ್ಥೆಗಳ ಹಳೆಯ ಪಟ್ಟಿಗಳೂ ಸಿಗುತ್ತವೆ. ಅಲ್ಲಿ ಕೊಳ್ಳುವವನ ಕಮಿಷನ್ ಸೇರಿದ ಬೆಲೆಯೋ ಸೇರದ ಬೆಲೆಯೋ ನೋಡಿಕೊಳ್ಳಿ. ಎರಡು ಮೂರು ವರ್ಷ ಹಿಂದಿನ ಬೆಲೆಯನ್ನು ನಂಬಬೇಡಿ. ಒಬ್ಬ ತಯಾರಕನಿಗಾಗಿ ಜನ ಮುಗಿಬಿದ್ದು, ಅವನು ಮಾಡುವ ಸಂಖ್ಯೆ ಹೆಚ್ಚಿಸಿದ ಕೂಡಲೇ ಬೆಲೆ ಅರ್ಧಕ್ಕಿಳಿದದ್ದನ್ನು ನಾನೇ ಕಂಡಿದ್ದೇನೆ.

ಲೆಕ್ಕ ತೋರಿಸಲು ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ಒಂದೇ ಮಾದರಿಯ ನಾಲ್ಕು ಚಾಕುಗಳು 780, 850, 900 ಮತ್ತು 1,300 ಡಾಲರಿಗೆ ಹೋಗಿವೆ. ಕೊನೆಯದು ಪೆಟ್ಟಿಗೆಯಿಂದ ಹೊರತೆಗೆಯದೇ ಇಟ್ಟದ್ದು, ಅದನ್ನು ಪಕ್ಕಕ್ಕಿಡಿ. ಉಳಿದವುಗಳ ನಡುವಿನದು 850. ನಿಮ್ಮದಕ್ಕೆ ಕಾಗದಪತ್ರ ಇಲ್ಲ, ಒಮ್ಮೆ ಸಾಣೆ ಹಿಡಿದಿದೆ; 150 ಕಳೆಯಿರಿ. 700ಕ್ಕೆ ಮಾರಬಹುದು. ಕೈಗೆ ಅಷ್ಟೂ ಬರುವುದಿಲ್ಲ. ಇಬೇ ಶುಲ್ಕ ನೂರಕ್ಕೆ ಹದಿಮೂರು ಹದಿನಾಲ್ಕು, ಅಂದರೆ ಸುಮಾರು 95. ವಿಮೆ ಸೇರಿ ಅಂಚೆಗೆ 25. ಉಳಿಯುವುದು 580. ಅದೇ ಚಾಕುವನ್ನು ವ್ಯಾಪಾರಿ ಅಂದೇ ಕೊಂಡರೆ 420ರಿಂದ 490 ಕೊಟ್ಟಾನು. ಅವನು ಮೋಸ ಮಾಡುತ್ತಿದ್ದಾನೆ ಎಂದುಕೊಳ್ಳಬೇಡಿ. ಹಣ ಹಾಕಿ, ಕಾದು, ಮಾರುವ ಹೊಣೆ ಅವನದಾಗುತ್ತದೆ.

ದೋಷವನ್ನು ಮೊದಲೇ ಹೇಳಿ

ಬಿಡಿಸಿದ ಚಾಕುವಿನ ಎರಡು ಬದಿ, ಮಡಚಿದಾಗಿನ ಬಾಯಿ, ಲಾಕ್ ಕೂರುವ ಜಾಗ, ತುದಿ, ಗುರುತು, ಇಷ್ಟರ ಫೋಟೋ ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ಗೀರಿದ್ದರೆ ಅದರದೂ ಒಂದು. ಮುಚ್ಚಿಟ್ಟ ದೋಷ ಕೊಂಡವನ ಕೈ ಸೇರಿದ ದಿನವೇ ಹೊರಬಿದ್ದು ಚಾಕು ವಾಪಸಾಗುತ್ತದೆ. ಮಾರಾಟವಾಗುವ ತನಕ ಚರ್ಮದ ಒರೆಯಲ್ಲಿ ಇಡಬೇಡಿ. ಚರ್ಮ ತೇವವನ್ನು ಹಿಡಿದಿಡುತ್ತದೆ, ಅಲಗಿಗೆ ತುಕ್ಕು ಬರುತ್ತದೆ.

ಅತ್ತಿಗೆಯ ಚಾಕುವಿನ ತಯಾರಕ ಬದುಕಿದ್ದರು. ಫೋಟೋ ಕಳಿಸಿದ ಮೂರನೆಯ ದಿನ ಉತ್ತರ ಬಂತು: ತಾನೇ ಮಾಡಿದ್ದು ಹೌದು, ಮತ್ತೆ ಆಮ್ಲದಲ್ಲಿ ಅದ್ದಿ ಅಲೆಗಳನ್ನು ಎಬ್ಬಿಸಿಕೊಡುತ್ತೇನೆ, ಸಾಣೆ ತಿಂದುಹಾಕಿದ ಅಗಲವನ್ನು ಮಾತ್ರ ತುಂಬಿಕೊಡಲಾರೆ. ಆರು ವಾರಕ್ಕೆ ಚಾಕು ತಿರುಗಿ ಬಂತು, ಜೊತೆಗೆ ಅವರದೇ ಸಹಿಯ ಒಂದು ಕಾಗದ. ಮಾರಾಟದ ವಿವರಣೆಯಲ್ಲಿ "ಒಮ್ಮೆ ಪಾಲಿಶ್ ಆಗಿತ್ತು, ತಯಾರಕರೇ ಸರಿಪಡಿಸಿದ್ದಾರೆ" ಎಂದು ಮೊದಲ ಸಾಲಿನಲ್ಲಿಯೇ ಬರೆದೆವು. ನಾನು ಅಂದಾಜು ಮಾಡಿದ ಬೆಲೆಗಿಂತ ಮೂವತ್ತು ಡಾಲರ್ ಕಡಿಮೆಗೆ, ಹನ್ನೊಂದನೆಯ ದಿನ ಅದು ಮಾರಾಟವಾಯಿತು.