ಶಾಲೆಗೆ ಹತ್ತು ರಾಸ್ಪ್‌ಬೆರಿ ಪೈ: ಕರೆಂಟು ಹೋದರೂ ಕೆಡದ ಲ್ಯಾಬ್ ಕಟ್ಟುವುದು ಹೇಗೆ?

ಪ್ರೋಗ್ರಾಮಿಂಗ್ ಕಲಿಸಲೆಂದು ಶಾಲೆ ಕೊಂಡ ರಾಸ್ಪ್‌ಬೆರಿ ಪೈ ಎಂಬ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರುಗಳು ವರ್ಷ ತುಂಬುವ ಮೊದಲೇ ಬೀರು ಸೇರಿದರೆ, ಹೆಚ್ಚಿನ ಸಲ ತಪ್ಪು ಬೋರ್ಡಿನದಲ್ಲ. ಚಾರ್ಜರ್, ಮೆಮೊರಿ ಕಾರ್ಡ್ ಮತ್ತು ಹೇಳದೆ ಕೇಳದೆ ಹೋಗುವ ಕರೆಂಟು, ಈ ಮೂರನ್ನು ಮೊದಲೇ ಸರಿಮಾಡಿಕೊಳ್ಳಬೇಕು.

ಬೋರ್ಡಿನ ಆಯ್ಕೆ ಸುಲಭ. ಬ್ಲಾಕುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್ 3ಕ್ಕೆ ಮತ್ತು ಪೈಥಾನ್ ಭಾಷೆಗೆ 2 ಜಿಬಿ ರ್‍ಯಾಮ್‌ನ ಪೈ 4 ಸಾಕು. ಚಿಕ್ಕ ಮಕ್ಕಳಿಗಾದರೆ ಕೀಬೋರ್ಡಿನೊಳಗೇ ಕಂಪ್ಯೂಟರ್ ಇರುವ ಪೈ 400 ಕೊಳ್ಳಿ. ಅಗ್ಗವೆಂದು ಪೈ ಝೀರೋ 2 ಡಬ್ಲ್ಯೂ ತರಬೇಡಿ. ಅದರ 512 ಎಂಬಿ ರ್‍ಯಾಮ್‌ಗೆ ಸ್ಕ್ರ್ಯಾಚ್ 3 ಎಳೆಯಲಾಗದ ಭಾರ.

ಅಡಾಪ್ಟರ್ ಮಾತ್ರ ಅಧಿಕೃತವಾದದ್ದೇ ಇರಲಿ: 5.1 ವೋಲ್ಟ್, 3 ಆಂಪ್. ಮೊಬೈಲಿನ ಫಾಸ್ಟ್ ಚಾರ್ಜರ್ ಸಾಲದೇ ಎಂದು ಕೇಳುವವರು ಬಹಳ. ಸಾಲದು. ಅಂಥ ಬಹುತೇಕ ಚಾರ್ಜರ್‌ಗಳು ಹೆಚ್ಚಿನ ವ್ಯಾಟ್ ಕೊಡುವುದು 9 ವೋಲ್ಟಿನಲ್ಲೋ ಅದಕ್ಕಿಂತ ಮೇಲೋ. ಪೈಗೆ ಬೇಕಾದ 5 ವೋಲ್ಟಿನಲ್ಲಿ ಹಲವು 2 ಆಂಪ್‌ಗೇ ನಿಲ್ಲುತ್ತವೆ. ಮೇಲೆ ಕೇಬಲ್ ಬೇರೆ ನುಂಗುತ್ತದೆ. 0.25 ಓಮ್ ರೋಧದ ತೆಳು ಕೇಬಲ್ಲಿನಲ್ಲಿ 2 ಆಂಪ್ ಹರಿದರೆ ಅರ್ಧ ವೋಲ್ಟ್ ದಾರಿಯಲ್ಲೇ ಕಳೆದು ಬೋರ್ಡಿಗೆ 4.5 ವೋಲ್ಟ್ ತಲುಪುತ್ತದೆ. ಸುಮಾರು 4.63ಕ್ಕಿಂತ ಇಳಿದಾಗ ಪರದೆಯಲ್ಲಿ ಮಿಂಚಿನ ಗುರುತೋ ಲೋ ವೋಲ್ಟೇಜ್ ಎಂಬ ಎಚ್ಚರಿಕೆಯೋ ಬರುತ್ತದೆ, ಪ್ರೊಸೆಸರ್ ವೇಗ ತಗ್ಗುತ್ತದೆ. ಶಿಕ್ಷಕರು ‘ಪೈ ನಿಧಾನ’ ಎನ್ನುವುದು ಇದನ್ನೇ. ಹಲವು ಪೋರ್ಟಿನ ಒಂದೇ ಚಾರ್ಜರಿಗೆ ಐದಾರು ಬೋರ್ಡು ಸಿಕ್ಕಿಸುವ ಉಳಿತಾಯವೂ ಬೇಡ.

ಹಳೆಯ ವಿಜಿಎ ಮಾನಿಟರ್ ಬಳಸುವುದಾದರೆ, ಪ್ರತ್ಯೇಕ ಪವರ್ ಸಾಕೆಟ್ ಇರುವ ಎಚ್‌ಡಿಎಂಐ-ವಿಜಿಎ ಪರಿವರ್ತಕವನ್ನೇ ಹುಡುಕಿ. ಪೈ 4ರಲ್ಲಿ ಕೇಬಲ್ಲನ್ನು ಪವರ್ ಪೋರ್ಟಿನ ಪಕ್ಕದ ಎಚ್‌ಡಿಎಂಐಗೆ ಹಾಕಿ, ಮೊದಲು ಮಾನಿಟರ್, ಆಮೇಲೆ ಪೈ ಹಚ್ಚಿ.

ಈಗ ಕಾರ್ಡು. ಇಲ್ಲಿ ಆತುರಪಟ್ಟರೆ ಮಾಡಿದ್ದೆಲ್ಲ ದಂಡ. 32 ಜಿಬಿಯ, ಎ1 ಗುರುತಿರುವ ಕಾರ್ಡ್ ಕೊಳ್ಳಿ. ‘ಕ್ಲಾಸ್ 10’ ಎಂಬುದು ಕ್ಯಾಮೆರಾ ವಿಡಿಯೊ ಬರೆದಂತೆ ಒಂದೇ ಸಮನೆ ಬರೆಯುವ ವೇಗ. ಕಂಪ್ಯೂಟರಿಗೆ ಬೇಕಾದದ್ದು ಚದುರಿದ ಸಣ್ಣ ಫೈಲುಗಳನ್ನು ಓದಿ ಬರೆಯುವ ಶಕ್ತಿ, ಎ1 ಹೇಳುವುದು ಅದನ್ನು. ನಕಲಿ ಕಾರ್ಡುಗಳು ತುಂಬ ಇವೆ, ಹಾಗಾಗಿ ಎಫ್3 ಎಂಬ ಉಚಿತ ತಂತ್ರಾಂಶದಿಂದ ಪ್ರತಿಯೊಂದನ್ನೂ ಪೂರ್ತಿ ತುಂಬಿಸಿ, ಮತ್ತೆ ಓದಿಸಿ ನೋಡಿ. ಕಾರ್ಡಿಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಡಿದೀತು; ಬಿಡಬೇಡಿ.

ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ತಂತ್ರಾಂಶದಿಂದ ಒಂದೇ ಕಾರ್ಡಿಗೆ ಓಎಸ್ ಬರೆಯಿರಿ. ಅಲ್ಲೇ ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಡಿ. ವೈಫೈ ದೇಶವನ್ನು ಭಾರತ ಎಂದು ಗುರುತಿಸಿ, ಇಲ್ಲದಿದ್ದರೆ ವೈಫೈ ಬೀಗ ಹಾಕಿಕೊಂಡೇ ಇರುತ್ತದೆ. ಸ್ಕ್ರ್ಯಾಚ್, ಪೈಥಾನ್ ಬರೆಯುವ ಥಾನಿ, ಕನ್ನಡದ ಗುಬ್ಬಿ ಮತ್ತು ನವಿಲು ಫಾಂಟುಗಳನ್ನು ಹಾಕಿ. ಇದು ತಾಯಿ ಕಾರ್ಡು.

ಮುಂದಿನ ಕ್ರಮ ತಪ್ಪಬಾರದು. ಆಕ್ಸೆಸರೀಸ್ ಮೆನುವಿನ ಎಸ್‌ಡಿ ಕಾರ್ಡ್ ಕಾಪಿಯರ್‌ನಿಂದ ಉಳಿದ ಒಂಬತ್ತಕ್ಕೆ ನಕಲು ಮಾಡಿ. ಇಡೀ ಕಾರ್ಡಿನ ಇಮೇಜ್ ತೆಗೆದು ಬರೆಯುವ ಅಡ್ಡದಾರಿ ಹಲವು ಸಲ ಕೈಕೊಡುತ್ತದೆ, ಏಕೆಂದರೆ 32 ಜಿಬಿ ಎಂದೇ ಮಾರುವ ಎರಡು ಕಂಪನಿಗಳ ಕಾರ್ಡುಗಳ ಗಾತ್ರ ಒಂದೇ ಇರುವುದಿಲ್ಲ. ಚಿಕ್ಕದರಲ್ಲಿ ಇಮೇಜ್ ಹಿಡಿಸದು. ಆಮೇಲೆ ಪ್ರತಿ ಪೈಗೂ ಬೇರೆ ಹೋಸ್ಟ್‌ನೇಮ್, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಹೆಸರು, ಕೊಡಿ. ಎಲ್ಲ ಮುಗಿದ ಮೇಲೆ ಕೊನೆಯದಾಗಿ ರಾಸ್ಪಿ-ಕಾನ್ಫಿಗ್ ಎಂಬ ಸೆಟ್ಟಿಂಗ್ಸ್ ತಂತ್ರಾಂಶ ತೆರೆದು, ಪರ್ಫಾರ್ಮೆನ್ಸ್ ಆಪ್ಷನ್ಸ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿ, ಕಂಪ್ಯೂಟರ್ ಶುರುವಾಗಲು ಬೇಕಾದ ಬೂಟ್ ವಿಭಾಗಕ್ಕೂ ಏನೂ ಬರೆಯದಂತೆ ಕಾಯಬೇಕೇ ಎಂಬ ಪ್ರಶ್ನೆಗೆ ‘ಯೆಸ್’ ಎನ್ನಿ.

ಓವರ್‌ಲೇ ಇದ್ದಾಗ ಬರವಣಿಗೆಯೆಲ್ಲ ರ್‍ಯಾಮ್‌ಗೆ ಹೋಗುತ್ತದೆ, ಕಾರ್ಡನ್ನು ಮುಟ್ಟುವುದಿಲ್ಲ. ಪಾಠದ ನಡುವೆ ಕರೆಂಟು ಹೋದರೂ ಫೈಲ್ ಸಿಸ್ಟಮ್ ಅರ್ಧಂಬರ್ಧ ಬರೆದು ಕೆಡದು. ಹೋಸ್ಟ್‌ನೇಮ್ ಬದಲಿಸುವ ಮುನ್ನವೇ ಇದನ್ನು ಆನ್ ಮಾಡಿದರೆ ಮರುದಿನ ಹಳೆಯ ಹೆಸರೇ ಮರಳುತ್ತದೆ. ಮಕ್ಕಳ ಕೆಲಸವೂ ಹಾಗೆಯೇ ಅಳಿಸಿಹೋಗುತ್ತದೆ. ಆದ್ದರಿಂದ ಪ್ರತಿ ಪೈಗೂ ಒಂದು ಪೆನ್‌ಡ್ರೈವ್ ಕಡ್ಡಾಯ. ಹೋಮ್ ಫೋಲ್ಡರಿನಲ್ಲಿ ಉಳಿಸಬಾರದೆಂದು ಮೊದಲ ಪಾಠದಲ್ಲೇ ಹೇಳಿ. ಪೆನ್‌ಡ್ರೈವನ್ನು ಓವರ್‌ಲೇ ಕಾಯುವುದಿಲ್ಲ, ಇಜೆಕ್ಟ್ ಮಾಡಿಯೇ ಕೀಳಲಿ. ಪೈ 4ರಲ್ಲಿ ಬ್ಯಾಟರಿ ಗಡಿಯಾರವಿಲ್ಲದ್ದರಿಂದ ಇಂಟರ್‌ನೆಟ್ ಇಲ್ಲದ ಶಾಲೆಯಲ್ಲಿ ಫೈಲಿನ ತಾರೀಕು ಹಳೆಯದೇ ಬೀಳುತ್ತದೆ. ಫೈಲಿನ ಹೆಸರಲ್ಲೇ ದಿನಾಂಕ ಬರೆಸಿ. ಅಪ್‌ಡೇಟ್ ಬೇಕಾದಾಗ ಓವರ್‌ಲೇ ಆಫ್, ರೀಬೂಟ್, ಅಪ್‌ಡೇಟ್, ಮತ್ತೆ ಆನ್.

ಎಲ್‌ಇಡಿ ಪ್ರಯೋಗಕ್ಕೆ ಹೋಗುವ ಮುನ್ನ ಇನ್ನೊಂದು ಕೆಲಸ. ಎಲ್‌ಇಡಿ, ಸೆನ್ಸರ್‌ಗಳನ್ನು ಬೋರ್ಡಿಗೆ ಜೋಡಿಸುವ ಜಿಪಿಐಒ ಪಿನ್ನುಗಳು ತಡೆಯುವುದು 3.3 ವೋಲ್ಟ್ ಮಾತ್ರ. 2 ಮತ್ತು 4ನೇ ಪಿನ್ನುಗಳಲ್ಲಿ 5 ವೋಲ್ಟ್ ಇರುತ್ತದೆ. ಅಲ್ಲಿಂದ ಒಂದು ವೈರು ಬೇರೆ ಜಿಪಿಐಒ ಪಿನ್ನಿಗೆ ತಾಗಿದರೆ ಬೋರ್ಡೇ ಹೋದೀತು. ಈ ಎರಡಕ್ಕೂ ಖಾಲಿ ಜಂಪರ್ ತಲೆಯನ್ನೋ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆಯನ್ನೋ ತೊಡಿಸಿ. ಎಲ್‌ಇಡಿಯನ್ನು 330 ಓಮ್ ರೆಸಿಸ್ಟರ್ ಮೂಲಕ 11ನೇ ಪಿನ್ನಿಗೆ, ಅಂದರೆ ಜಿಪಿಐಒ 17ಕ್ಕೆ ಸೇರಿಸಿ; ಗ್ರೌಂಡ್ ಅದರ ಪಕ್ಕದ 9ನೇ ಪಿನ್ನಿನಲ್ಲೇ ಸಿಗುತ್ತದೆ.