ಕುಚ್ಚು ಕಟ್ಟುತ್ತಾ ಕಥೆ ಓದುವುದು ಹೇಗೆ: ಗೌರಮ್ಮನಿಂದ ತಿರುಮಲಾಂಬರವರೆಗೆ

ಕುಶಾಲನಗರದಲ್ಲಿ ನನ್ನದೊಂದು ಚಿಕ್ಕ ಟೈಲರಿಂಗ್ ಅಂಗಡಿ ಇದೆ. ಬ್ಲೌಸ್ ಹೊಲಿಯುತ್ತೇವೆ, ಸೀರೆಗೆ ಫಾಲ್ ಹಾಕುತ್ತೇವೆ, ಕುಚ್ಚು ಕಟ್ಟುತ್ತೇವೆ. ಬುಧವಾರ ನಾಲ್ಕು ಗಂಟೆಗೆ ಮೆಷಿನ್‌ಗಳನ್ನು ನಿಲ್ಲಿಸುತ್ತೇವೆ. ಒಬ್ಬರು ಕಥೆ ಓದುತ್ತಾರೆ. ಉಳಿದವರು ಕುಚ್ಚು ಕಟ್ಟುತ್ತಾ ಕೇಳುತ್ತಾರೆ. ಕುಚ್ಚಿನ ಕೆಲಸಕ್ಕೆ ಶಬ್ದವಿಲ್ಲ, ಅದಕ್ಕೇ ಆ ಹೊತ್ತಿಗೆ ಅದನ್ನೇ ಇಟ್ಟುಕೊಳ್ಳುತ್ತೇವೆ.

ನಾವು ಓದುವುದು ಜಾಸ್ತಿ ಹಳೆಯ ಲೇಖಕಿಯರನ್ನು. ಹೆಣ್ಣಿಗೆ ಓದು ಬೇಕಾ, ವಿಧವೆಗೆ ಇನ್ನೊಂದು ಮದುವೆ ಆಗಬಹುದಾ ಎಂದು ಊರೆಲ್ಲ ಜಗಳವಾಡುತ್ತಿದ್ದ ಕಾಲದಲ್ಲಿ ಪೆನ್ನು ಹಿಡಿದವರು, ಆ ಕಾಲದ ಹೆಂಗಸರ ಬದುಕನ್ನು ಆಮೇಲೆ ಬರೆದವರು. ನೀವೂ ನಿಮ್ಮ ಮನೆಯ ಜಗಲಿಯಲ್ಲೋ, ಸಂಘದಲ್ಲೋ ಹೀಗೆ ಓದಬೇಕು ಅಂತಿದ್ದರೆ, ನಾವು ಕಲಿತದ್ದನ್ನು ಹೇಳುತ್ತೇನೆ.

ಎಂಟು ಜನಕ್ಕಿಂತ ಜಾಸ್ತಿ ಬೇಡ. ಒಂಬತ್ತನೆಯವರು ಬಂದ ಕೂಡಲೇ ಯಾರೋ ಇಬ್ಬರು ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾರೆ. ಪುಸ್ತಕ ಒಂದೇ ಸಾಕು, ಲೈಬ್ರರಿಯದ್ದಾದರೂ ಆಯಿತು. ಎಲ್ಲರ ಕೈಯಲ್ಲೂ ಪುಸ್ತಕ ಇದ್ದರೆ ಎಲ್ಲರೂ ತಲೆ ತಗ್ಗಿಸುತ್ತಾರೆ. ಒಂದೇ ಇದ್ದರೆ ಕಿವಿ ಕೊಡುತ್ತಾರೆ. ನಮ್ಮಲ್ಲಿ ಇಬ್ಬರಿಗೆ ಓದಲು ಬರುವುದಿಲ್ಲ. ಅತ್ಯಂತ ಚೆನ್ನಾಗಿ ಪ್ರಶ್ನೆ ಕೇಳುವವರು ಆ ಇಬ್ಬರೇ. ಜೋರಾಗಿ ಓದುವ ಪದ್ಧತಿ ಬೇಕು ಅಂತ ನಾನು ಹಟ ಹಿಡಿಯುವುದು ಅವರಿಗಾಗಿ.

ಶುರು ಮಾಡಲು ಕೊಡಗಿನ ಗೌರಮ್ಮನ ಸಣ್ಣ ಕಥೆಗಳನ್ನು ತೆಗೆದುಕೊಳ್ಳಿ. ‘ಕಂಬನಿ’, ‘ಚಿಗುರು’ ಎಂಬ ಎರಡು ಸಂಕಲನಗಳಿವೆ. ಕಥೆಗಳು ಚಿಕ್ಕವು. ಒಂದು ಸೀರೆಯ ಕುಚ್ಚು ಮುಗಿಯುವಷ್ಟರಲ್ಲಿ ಒಂದನ್ನು ಓದಿ, ಅದರ ಬಗ್ಗೆ ಮಾತಾಡಿ ಮುಗಿಸಬಹುದು. ಅವರು 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. ಮದುವೆಯಾದ ಮೇಲೆ ಶುಂಠಿಕೊಪ್ಪದ ಹತ್ತಿರದ ಕಾಫಿ ತೋಟದಲ್ಲಿದ್ದರು. ನಮ್ಮ ಅಂಗಡಿಯಿಂದ ಅಲ್ಲಿಗೆ ಬಸ್ಸಿನಲ್ಲಿ ಅರ್ಧ ಗಂಟೆ. ಟೆನಿಸ್ ಆಡುತ್ತಿದ್ದರು, ಈಜುತ್ತಿದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೂ ಬರಬೇಕು ಎಂದು ಉಪವಾಸ ಕೂತರು. ಗಾಂಧೀಜಿ ಬಂದರು. ಗೌರಮ್ಮ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. 1939ರ ಏಪ್ರಿಲ್‌ನಲ್ಲಿ ನೀರಿನಲ್ಲಿ ಮುಳುಗಿ ತೀರಿಹೋದರು. ಆಗ ಅವರಿಗೆ 27 ವರ್ಷ. ಬೇಂದ್ರೆಯವರು ಅವರನ್ನು ‘ತಂಗಿ ಗೌರಮ್ಮ’ ಎಂದು ಕರೆದು ಕವಿತೆ ಬರೆದರು.

ಇಷ್ಟನ್ನೂ ಮೊದಲ ದಿನವೇ ಹೇಳಬೇಡಿ. ನಾನು ಹೇಳಿ ಕೆಟ್ಟೆ. ಎಲ್ಲರೂ ‘ಅಯ್ಯೋ ಪಾಪ’ ಎನ್ನುತ್ತಾ ಕೂತರು. ಕಥೆ ಯಾರ ಕಿವಿಗೂ ಹೋಗಲಿಲ್ಲ. ಮೊದಲು ಕಥೆ ಓದಿ. ಬರೆದವರು ಯಾರು, ಎಷ್ಟು ವಯಸ್ಸು ಎಂದು ಅವರೇ ಕೇಳುತ್ತಾರೆ. ಆಗ ಹೇಳಿ.

ಒಂದು ಸಂಗತಿಯನ್ನು ಮಾತ್ರ ಶುರುವಿನಲ್ಲೇ ಹೇಳಬಹುದು. ಈ ಕಥೆಗಳನ್ನು ಅವರು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು ಗಂಡನ ಹೆಸರಿನಲ್ಲಿ ಬರೆಯುತ್ತಿದ್ದರು. ಇದನ್ನು ಹೇಳಿದ ದಿನ ನಮ್ಮ ಅಂಗಡಿಯಲ್ಲಿ ಒಂದು ಗಂಟೆ ಮಾತಾಯಿತು. ಗ್ಯಾಸ್ ಬುಕ್ಕಿನಲ್ಲಿ ಯಾರ ಹೆಸರಿದೆ, ಮನೆಪತ್ರದಲ್ಲಿ ಯಾರದ್ದು, ಮದುವೆ ಕಾರ್ಡಿನಲ್ಲಿ ನಮ್ಮನ್ನು ಹೇಗೆ ಬರೆಯುತ್ತಾರೆ. ಅಂದು ಕಥೆ ಓದಲು ಆಗಲೇ ಇಲ್ಲ. ಪರವಾಗಿಲ್ಲ, ಆ ದಿನ ನನಗೆ ಇವತ್ತಿಗೂ ಇಷ್ಟ.

ಈಗ ಓದುವ ಬಗೆಗೆ ಬರುತ್ತೇನೆ. ಕಥೆ ಮುಗಿದ ಮೇಲೆ ‘ಇದರ ನೀತಿ ಏನು’ ಎಂದು ಕೇಳಬೇಡಿ. ಶಾಲೆಯ ಅಭ್ಯಾಸ ಅದು. ಕೇಳಿದ ತಕ್ಷಣ ಎಲ್ಲರೂ ಒಳ್ಳೆಯ ಉತ್ತರ ಹುಡುಕಲು ಹೊರಡುತ್ತಾರೆ, ಮನಸ್ಸಿನಲ್ಲಿದ್ದದ್ದು ಒಳಗೇ ಉಳಿಯುತ್ತದೆ. ‘ಅವಳು ಯಾಕೆ ಮನೆ ಬಿಟ್ಟು ಹೋಗಲಿಲ್ಲ’ ಎಂದೂ ಕೇಳಬೇಡಿ. ಚಿಕ್ಕ ಹುಡುಗಿಯರು ಇದನ್ನೇ ಮೊದಲು ಕೇಳುವುದು. ಅವರಿಗೆ ನಾನು ಹೇಳುವುದು ಇಷ್ಟು: ಹೋಗುವುದಕ್ಕೆ ಅವಳ ಕೈಯಲ್ಲಿ ಏನೇನಿತ್ತು, ಎಣಿಸೋಣ. ದುಡ್ಡು ಇತ್ತಾ? ಓದು ಇತ್ತಾ? ಕಾಗದ ಬರೆದರೆ ಯಾರಿಗಾದರೂ ತೆರೆಯದೆ ತಲುಪುತ್ತಿತ್ತಾ? ತವರಿನ ಬಾಗಿಲು ತೆರೆದಿತ್ತಾ? ಬೀಗದಕೈ ಯಾರ ಸೊಂಟದಲ್ಲಿತ್ತು? ಈ ಪ್ರಶ್ನೆಗಳಿಗೆ ಉತ್ತರ ಕಥೆಯ ಒಳಗೇ ಸಿಗುತ್ತದೆ. ಹುಡುಕಿ ತೆಗೆಯುವಾಗ ಕಥೆ ಎರಡನೇ ಸಲ ಓದಿದಂತಾಗುತ್ತದೆ. ಎಷ್ಟು ಚಿಕ್ಕ ಜಾಗದಲ್ಲಿ ಆ ಹೆಂಗಸು ಎಷ್ಟು ಅಲುಗಾಡಿದ್ದಾಳೆ ಎಂಬುದು ಆಗ ಕಾಣುತ್ತದೆ. ನನಗೆ ಈ ಕಥೆಗಳಲ್ಲಿ ಬೇಕಾಗಿರುವುದು ಆ ಅಲುಗಾಟ. ದೊಡ್ಡ ಭಾಷಣ ಮಾಡುವ ನಾಯಕಿಗಿಂತ ಒಂದು ಕಾಗದವನ್ನು ಬಚ್ಚಿಟ್ಟುಕೊಂಡ ಹುಡುಗಿ ನನಗೆ ಹತ್ತಿರ.

ಲೈಬ್ರರಿ ಪುಸ್ತಕಕ್ಕೆ ಪೆನ್ಸಿಲ್ ಹಾಕುವ ಹಾಗಿಲ್ಲ. ಹಾಗಾಗಿ ನಾವು ದಾರ ಇಡುತ್ತೇವೆ. ಯಾರಾದರೂ ‘ಬೇಡ’ ಎಂದು ಬಾಯಿಬಿಟ್ಟು ಹೇಳಿದ ಪುಟಕ್ಕೆ ಕೆಂಪು ದಾರ. ಹೇಳಬೇಕಾದದ್ದನ್ನು ನುಂಗಿಕೊಂಡ ಪುಟಕ್ಕೆ ಬಿಳಿ ದಾರ. ಗೌರಮ್ಮನ ಪುಸ್ತಕದಲ್ಲಿ ಬಿಳಿ ದಾರ ಜಾಸ್ತಿ ಬೀಳುತ್ತದೆ. ‘ವಾಣಿಯ ಸಮಸ್ಯೆ’ ಓದಿದಾಗ ಬಿಳಿ ದಾರದ ಉಂಡೆಯೇ ಬೇಕಾಯಿತು. ಅದರಲ್ಲಿ ಇಂದು ಎಂಬ ವಿಧವೆ ಹುಡುಗಿ ಇದ್ದಾಳೆ. ನೆರೆಮನೆಯಲ್ಲಿ ಡಾಕ್ಟರು, ಅವರ ಹೆಂಡತಿ ವಾಣಿ. ಇಂದುವಿನ ಮನಸ್ಸಿನಲ್ಲಿ ಏನಾಗುತ್ತಿದೆ ಎಂಬುದನ್ನು ಗೌರಮ್ಮ ಎಲ್ಲೂ ಬಿಡಿಸಿ ಹೇಳುವುದಿಲ್ಲ. ಹೇಳದೆಯೇ ನಮಗೆ ಗೊತ್ತಾಗುತ್ತದೆ. ಕೊನೆ ಏನೆಂದು ನಾನು ಇಲ್ಲಿ ಹೇಳುವುದಿಲ್ಲ. ಆದರೆ ಕೊನೆಯ ಪುಟ ಓದಿದ ಮೇಲೆ ಶೀರ್ಷಿಕೆಯನ್ನು ಇನ್ನೊಮ್ಮೆ ಜೋರಾಗಿ ಓದಿ. ಸಮಸ್ಯೆ ವಾಣಿಯದಾ, ಇಂದುವಿನದಾ? ನಮ್ಮ ಫಾಲ್ ಹೊಲಿಯುವ ಹುಡುಗಿ ಕೇಳಿದಳು: ‘ಅಕ್ಕಾ, ಹೆಸರು ವಾಣಿಗೆ ಕೊಟ್ಟುಬಿಟ್ಟರಲ್ಲ, ಇಂದುಗೆ ಕಥೆಯ ಹೆಸರಲ್ಲೂ ಜಾಗ ಇಲ್ವಾ?’ ನನಗೆ ಅಷ್ಟು ವರ್ಷ ಹೊಳೆಯದೇ ಇದ್ದ ಮಾತು ಅದು.

ಇನ್ನೊಂದು ಕಥೆಗೆ ‘ಅಪರಾಧಿ ಯಾರು?’ ಎಂದೇ ಹೆಸರಿಟ್ಟಿದ್ದಾರೆ. ಅದನ್ನು ಓದುವ ಮೊದಲು ಪ್ರಶ್ನೆಯನ್ನು ಕಟಿಂಗ್ ಟೇಬಲ್ ಮೇಲೆ ಚಾಕ್‌ಪೀಸಿನಲ್ಲಿ ಬರೆಯಿರಿ. ಓದಿದ ಮೇಲೆ ಒಬ್ಬೊಬ್ಬರೂ ಉತ್ತರ ಹೇಳಲಿ. ಉತ್ತರ ಒಂದೇ ಆಗಬೇಕು ಅಂತ ಒತ್ತಾಯ ಬೇಡ.

ಟೇಬಲ್ ಮೇಲೆ ಇನ್ನೂ ಕೆಲವು ಇಸವಿ ಬರೆದಿಡುವುದು ಒಳ್ಳೆಯದು. ವಿಧವೆಯರ ಮರುಮದುವೆಗೆ ಕಾನೂನು ಒಪ್ಪಿಗೆ ಕೊಟ್ಟಿದ್ದು 1856ರಲ್ಲಿ. ಮೈಸೂರು ಸಂಸ್ಥಾನ 8 ವರ್ಷದ ಒಳಗಿನ ಹುಡುಗಿಯರ ಮದುವೆ ತಡೆಯುವ ಕಾಯ್ದೆ ತಂದಿದ್ದು 1894ರಲ್ಲಿ. ಶಾರದಾ ಕಾಯ್ದೆ 1929ರದ್ದು. ಹುಡುಗಿಗೆ 14 ವರ್ಷ ಆಗಿರಲೇಬೇಕು ಎಂದಿತು. ಕೊಡಗು ಆಗ ಮೈಸೂರಿಗೆ ಸೇರಿರಲಿಲ್ಲ, ಬ್ರಿಟಿಷರ ಕೈಯಲ್ಲಿ ಬೇರೆಯೇ ಪ್ರಾಂತ್ಯವಾಗಿತ್ತು. ಈ ಇಸವಿಗಳ ಪಕ್ಕದಲ್ಲಿ ಕಥೆಯನ್ನು ಇಟ್ಟು ನೋಡಿ. 1856ರ ಕಾನೂನು ಬಂದು 80 ವರ್ಷ ಕಳೆದರೂ ಗೌರಮ್ಮ ವಿಧವೆಯರ ಕಥೆಯನ್ನೇ ಬರೆಯಬೇಕಾಯಿತು. ಕಾನೂನು ಅಡುಗೆಮನೆಯವರೆಗೆ ನಡೆದು ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಆಗ ಅರ್ಥವಾಯಿತು ನಮಗೆ.

ಗೌರಮ್ಮ ಆದ ಮೇಲೆ ತ್ರಿವೇಣಿಯವರನ್ನು ಹಿಡಿಯಿರಿ. ಅವರ ‘ಬೆಳ್ಳಿಮೋಡ’ವನ್ನು ನಮ್ಮಲ್ಲಿ ಎಲ್ಲರೂ ಸಿನಿಮಾದಲ್ಲಿ ನೋಡಿದ್ದರು. ಪುಟ್ಟಣ್ಣ ಕಣಗಾಲರ ಆ ಸಿನಿಮಾ 1967ರದ್ದು. ಕಾಫಿ ತೋಟದ ಯಜಮಾನರ ಮಗಳು ಇಂದಿರಾ. ಅವಳ ಅಪ್ಪನ ದುಡ್ಡಿನಲ್ಲಿ ವಿದೇಶಕ್ಕೆ ಹೋಗಿ ಓದಿದ ಮೋಹನ, ಆ ಮನೆಯಲ್ಲಿ ಗಂಡುಮಗು ಹುಟ್ಟಿ ಆಸ್ತಿ ಕೈತಪ್ಪುತ್ತದೆ ಎಂದಾಗ ಮದುವೆಯಿಂದ ಹಿಂದೆ ಸರಿಯುತ್ತಾನೆ. ಮುಂದೆ ಅವನು ಬಿದ್ದು ಮಲಗಿದಾಗ ಶುಶ್ರೂಷೆ ಮಾಡುವವಳು ಇದೇ ಇಂದಿರಾ. ಅವನ ಮನಸ್ಸು ತಿರುಗುತ್ತದೆ. ಮದುವೆಯಾಗೋಣ ಎನ್ನುತ್ತಾನೆ. ಅವಳು ಒಪ್ಪುವುದಿಲ್ಲ. ಇಲ್ಲಿ ಓದುವವರು ನಿಲ್ಲಿಸಬೇಕು. ಪುಸ್ತಕ ಮಡಚಿ, ಕೆಂಪು ದಾರ ಇಟ್ಟು, ಒಬ್ಬೊಬ್ಬರಿಗೂ ಕೇಳಿ: ನಿಮ್ಮ ಮಗಳಾಗಿದ್ದರೆ ಏನು ಹೇಳುತ್ತಿದ್ದಿರಿ? ನಮ್ಮಲ್ಲಿ ಎಂಟರಲ್ಲಿ ಐದು ಜನ ‘ಒಪ್ಪಿಕೋ ಅಂತಿದ್ದೆ’ ಎಂದರು. ಅದು ಸುಳ್ಳಿಲ್ಲದ ಉತ್ತರ. ಆ ಐವರನ್ನು ತಪ್ಪಿತಸ್ಥರಂತೆ ನೋಡಬೇಡಿ. ಇಂದಿರಾ ಯಾವ ಒತ್ತಡದ ಎದುರು ನಿಂತಿದ್ದಳು ಎಂದು ತೋರಿಸಿಕೊಟ್ಟವರು ಅವರೇ ಅಲ್ವಾ.

ತ್ರಿವೇಣಿಯವರದೇ ‘ಶರಪಂಜರ’ ಓದುವಾಗ ಜೋಪಾನ. ಹೆರಿಗೆಯ ನಂತರ ಮನಸ್ಸು ಕೆಟ್ಟ ಕಾವೇರಿ, ವಾಸಿಯಾಗಿ ಬಂದರೂ ಮನೆಯವರು, ಊರವರು ಅವಳನ್ನು ಹುಚ್ಚಿಯಂತೆಯೇ ನೋಡುತ್ತಾರೆ. ನಾವು ಓದುತ್ತಿದ್ದಾಗ ಒಬ್ಬ ಹುಡುಗಿ ಕೆಲಸ ಕೆಳಗಿಟ್ಟು ಅಳತೊಡಗಿದಳು. ‘ಏನಾಯಿತು, ಹೇಳು’ ಎಂದು ನಾನು ಎಲ್ಲರ ಮುಂದೆ ಒತ್ತಾಯ ಮಾಡಿದೆ. ಅದು ನನ್ನ ತಪ್ಪು. ಅವಳು ಮೂರು ವಾರ ಬರಲಿಲ್ಲ. ಆಮೇಲೆ ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಈಗ ನಮ್ಮಲ್ಲಿ ಎರಡು ಮಾತು ಗಟ್ಟಿ. ಅಳುವವರಿಗೆ ನೀರು ಕೊಡುವುದು, ಪ್ರಶ್ನೆ ಕೇಳದಿರುವುದು. ಇಲ್ಲಿ ಆಡಿದ ಸ್ವಂತ ಮಾತು ಶಟರ್ ದಾಟಿ ಹೋಗಬಾರದು. ಯಾರಿಗಾದರೂ ಬಾಣಂತನದಲ್ಲಿ ಮನಸ್ಸು ತೀರಾ ಕುಗ್ಗಿದೆ ಅನಿಸಿದರೆ ಕಥೆಯಿಂದ ಸಮಾಧಾನ ಮಾಡುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಜೊತೆಗೆ ಹೋಗಿ.

ಮೂರನೆಯದು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಪುಸ್ತಕ ಬಂದಿದ್ದು 1976ರಲ್ಲಿ, ಒಳಗಿನ ಬದುಕು ಮಾತ್ರ ಅದಕ್ಕಿಂತ ಬಹಳ ಹಿಂದಿನ ಮಲೆನಾಡಿನದು. ತಮ್ಮ ಕುಟುಂಬದ ಹಿರಿಯ ಹೆಂಗಸಿನ ನಿಜವಾದ ಬದುಕನ್ನೇ ಅವರು ಬರೆದರು. ಇದನ್ನು ಬಟ್ಟೆಯ ಮೇಲೆ ಕಣ್ಣಿಟ್ಟು ಓದಿ. ನಾನು ಟೈಲರ್ ಆಗಿರುವುದರಿಂದ ಹೀಗೆ ಹೇಳುತ್ತೇನೆ ಅನಿಸಬಹುದು. ಆದರೆ ಮಡಿ ಹೆಂಗಸರಿಗೆ ರವಿಕೆ ಇರಲಿಲ್ಲ, ಬಳೆ ಇರಲಿಲ್ಲ, ಹೂವಿಲ್ಲ, ತಲೆಗೂದಲೂ ಇಲ್ಲ. ಆ ‘ಇಲ್ಲ’ಗಳನ್ನು ಒಂದೊಂದಾಗಿ ಚಾಕ್‌ಪೀಸಿನಲ್ಲಿ ಬರೆದೆವು. ಬರೆಯುವಾಗ ಎಲ್ಲರ ಕೈಯಲ್ಲೂ ಬಣ್ಣಬಣ್ಣದ ರೇಷ್ಮೆ ದಾರ ಇತ್ತು. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಮ್ಮಲ್ಲಿ ಹಿರಿಯರಾದ ಅಜ್ಜಿ ತಮ್ಮ ಸೋದರತ್ತೆಯನ್ನು ನೆನೆಸಿಕೊಂಡರು. ಕ್ಷೌರಿಕ ಬರುವ ದಿನ ಆಕೆ ಬೆಳಿಗ್ಗೆಯಿಂದ ಹಿತ್ತಲಲ್ಲೇ ಇರುತ್ತಿದ್ದರಂತೆ.

ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡ ಫಣಿಯಮ್ಮ ತನ್ನ ಪಾಲಿನದನ್ನು ಸಹಿಸಿಕೊಂಡೇ ಬದುಕುತ್ತಾಳೆ. ಆದರೆ ಜಾತಿಯ ಗೆರೆ ದಾಟಿ ಹೆರಿಗೆ ಮಾಡಿಸಲು ಹೋಗುತ್ತಾಳೆ. ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಕೊಡುವುದಿಲ್ಲ ಎಂದು ನಿಂತಾಗ ಅವಳ ಪರ ಮಾತಾಡುತ್ತಾಳೆ. ಈ ಎರಡೂ ಭಾಗಗಳನ್ನು ಒಂದೇ ದಿನ ಓದಬೇಡಿ. ಒಂದೊಂದಕ್ಕೂ ಒಂದು ಬುಧವಾರ ಕೊಡಿ.

ನಂಜನಗೂಡು ತಿರುಮಲಾಂಬ ಕಾಲದಲ್ಲಿ ಎಲ್ಲರಿಗಿಂತ ಮೊದಲಿನವರು. ಆದರೂ ಕೊನೆಗೆ ಇಟ್ಟುಕೊಳ್ಳಿ. ಭಾಷೆ ಗಟ್ಟಿ, ವಾಕ್ಯ ಉದ್ದ, ಸಂಸ್ಕೃತ ಜಾಸ್ತಿ. ಅವರಿಂದ ಶುರು ಮಾಡಿದರೆ ಎರಡನೇ ವಾರಕ್ಕೆ ಅರ್ಧ ಜನ ಬರುವುದಿಲ್ಲ. ಒಂದು ಸಲಕ್ಕೆ ನಾಲ್ಕು ಪುಟ ಸಾಕು. ಓದಿದ್ದನ್ನು ಯಾರಾದರೊಬ್ಬರು ನಮ್ಮ ಮಾತಿನಲ್ಲಿ ತಿರುಗಿ ಹೇಳಲಿ.

ಅವರ ಮೊದಲ ಕಾದಂಬರಿ ‘ಸುಶೀಲೆ’ 1913ರದ್ದು. ಹೆಸರಿಗೆ ತಕ್ಕಂತೆ ನಾಯಕಿ ತಾಳ್ಮೆಯ ಹೆಂಡತಿ. ನಮ್ಮ ಹುಡುಗಿಯರಿಗೆ ಸಿಟ್ಟು ಬಂತು. ‘ಇವರನ್ನು ಯಾಕೆ ಓದಬೇಕು ಅಕ್ಕಾ, ಗಂಡನ ಮಾತು ಕೇಳು ಅಂತಾರಲ್ಲ’ ಎಂದರು. ಅವರ ಸಿಟ್ಟು ನ್ಯಾಯವಾದದ್ದೇ. ಆಗ ಪುಸ್ತಕ ಪಕ್ಕಕ್ಕಿಟ್ಟು ಬರೆದವರ ಬದುಕು ಹೇಳಿದೆ. 1887ರಲ್ಲಿ ಹುಟ್ಟಿದ್ದು. 14ನೇ ವಯಸ್ಸಿಗೆ ವಿಧವೆ. ಹೊರಗೆ ಬಾರದೆ ಮನೆಯಲ್ಲಿ ಕೂತು ಓದಿದರು, ಬರೆದರು. 1913ರಲ್ಲಿ ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆ ಕಟ್ಟಿ ತಾವೇ ಪುಸ್ತಕ ಪ್ರಕಟಿಸಿದರು. 1917ರಲ್ಲಿ ‘ಕರ್ಣಾಟಕ ನಂದಿನಿ’ ಎಂಬ ಮಾಸಪತ್ರಿಕೆಗೆ ಸಂಪಾದಕಿಯಾದರು. ಕನ್ನಡದಲ್ಲಿ ಹೆಣ್ಣೊಬ್ಬಳು ಈ ಕೆಲಸಗಳನ್ನೆಲ್ಲ ಮಾಡಿದ್ದು ಅದೇ ಮೊದಲು. ಪುಸ್ತಕದೊಳಗೆ ಬರೆದದ್ದು ತಗ್ಗಿ ನಡೆ ಎಂದು. ಅದೇ ಕೈ ಕಾಗದ ಕೊಂಡಿತು, ಅಚ್ಚು ಹಾಕಿಸಿತು, ಲೆಕ್ಕ ಇಟ್ಟಿತು. ತಿರುಮಲಾಂಬರನ್ನು ಓದುವಾಗ ಈ ಎರಡನ್ನೂ ಪಕ್ಕಪಕ್ಕ ಹಿಡಿದುಕೊಳ್ಳಬೇಕು. ಯಾವುದೋ ಒಂದನ್ನು ಬಿಟ್ಟರೆ ಅವರು ನಮಗೆ ಸಿಗುವುದಿಲ್ಲ. ಅಂಗಡಿ ನಡೆಸುವ ಹೆಂಗಸಾಗಿ ನನಗೆ ಅವರ ಲೆಕ್ಕದ ಪುಸ್ತಕ ಓದುವ ಆಸೆ, ಕಾದಂಬರಿಗಿಂತಲೂ.

ಇನ್ನು ಸಣ್ಣ ಪುಟ್ಟ ವಿಷಯ. ಓದುವವರು ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಗಲಿ, ಗಂಟಲು ಕಟ್ಟುತ್ತದೆ. ಹಳೆಯ ಪದ ಬಂದರೆ ಹಾರಿಸಬೇಡಿ, ವಯಸ್ಸಾದವರನ್ನು ಕೇಳಿ. ಅವರು ಅರ್ಥ ಹೇಳುತ್ತಾ ತಮ್ಮ ಮದುವೆಯ ದಿನಕ್ಕೇ ಹೋಗಿಬಿಡುತ್ತಾರೆ, ಹೋಗಲಿ ಬಿಡಿ. ಗಂಡಸರು ಕೇಳಬೇಕು ಅಂತ ಬಂದರೆ ಕೂರಿಸಿಕೊಳ್ಳಿ, ಆದರೆ ಓದುವ ಕೆಲಸ ಅವರಿಗೆ ಕೊಡಿ. ಆ ಹೆಂಗಸಿನ ಮಾತನ್ನು ತಮ್ಮ ಬಾಯಲ್ಲಿ ಓದಬೇಕಾಗುತ್ತದಲ್ಲ, ಅದು ಬೇರೆಯೇ ಅನುಭವ. ನನ್ನ ತಮ್ಮ ಒಮ್ಮೆ ‘ಫಣಿಯಮ್ಮ’ ಓದುತ್ತಾ ನಡುವೆ ಎದ್ದು ಹೋಗಿ ನೀರು ಕುಡಿದು ಬಂದ. ಪುಸ್ತಕ ವಾಪಸ್ ಕೊಡುವ ಮೊದಲು ದಾರಗಳನ್ನೆಲ್ಲ ತೆಗೆದು, ಪುಟದ ನಂಬರ್ ಒಂದು ನೋಟ್ ಬುಕ್ಕಿನಲ್ಲಿ ಬರೆದಿಡಿ.

ಆರು ಗಂಟೆಗೆ ನಿಲ್ಲಿಸಿ. ಕಥೆ ಅರ್ಧದಲ್ಲಿದ್ದರೂ ನಿಲ್ಲಿಸಿ. ಮನೆಗೆ ತಡವಾಗಿ ಹೋದರೆ ಉತ್ತರ ಕೊಡಬೇಕಾದವರು ನಮ್ಮ ಎಂಟು ಜನರಲ್ಲಿ ಈಗಲೂ ಇಬ್ಬರಿದ್ದಾರೆ. ಆರು ಹತ್ತರ ಬಸ್ಸು ತಪ್ಪಿದರೆ ಅವರನ್ನು ಮುಂದಿನ ಬುಧವಾರ ಕಳಿಸುವುದಿಲ್ಲ.