ಇಂಗ್ಲಿಷಿನ 'ಎಷ್ಟು' ಕಲಿಸುವಾಗ: ನನ್ನ ಅನುಭವ

ಇಂಗ್ಲಿಷ್ ಕಲಿಯಲು ಬರುವ ದೊಡ್ಡವರಿಗೆ ಪಾಠ ಹೇಳುವುದು ನನ್ನ ಕೆಲಸ. ಅವರನ್ನು ವ್ಯಾಕರಣಕ್ಕಿಂತ ಜಾಸ್ತಿ ಕಾಡುವುದು ಲೆಕ್ಕದ ಮಾತು. ಒಂದೊಂದು ಪದವೂ ಗೊತ್ತಿರುತ್ತದೆ. ಆದರೆ 'ಹಾಗಾದರೆ ಎಷ್ಟು?' ಎಂದು ಕೇಳಿದರೆ ಪಕ್ಕಪಕ್ಕ ಕೂತವರೇ ಬೇರೆ ಬೇರೆ ಅಂಕಿ ಹೇಳುತ್ತಾರೆ.

ಅದಕ್ಕೇ ಇಂಥ ವಾಕ್ಯಗಳಿಗೆ ಅನುವಾದ ಮಾಡಿಸುವುದನ್ನು ಬಿಟ್ಟೆ. ಅರ್ಥವನ್ನು ಅಂಕಿಯಲ್ಲೇ ಬರೆಯಿರಿ ಎನ್ನುತ್ತೇನೆ. ಎರಡು ಉತ್ತರ ಸಾಧ್ಯವಿದ್ದರೆ ಎರಡನ್ನೂ ಬರೆಯಬೇಕು.

ನಾನು ಮೊದಲು ಕೊಡುವ ವಾಕ್ಯ 'ತ್ರೀ ಬಾಯ್ಸ್ ಬಾಟ್ ಟೂ ಬುಕ್ಸ್'. ಒಟ್ಟು ಪುಸ್ತಕ ಎರಡೋ, ಆರೋ? ವಾಕ್ಯ ಎರಡಕ್ಕೂ ಜಾಗ ಕೊಡುತ್ತದೆ. ಕನ್ನಡದಲ್ಲಿ 'ಎರಡೆರಡು' ಅಂದರೆ ಸಾಕು, ಆರು ಅಂತ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ 'ಟೂ ಟೂ' ಅನ್ನುವ ಹಾಗಿಲ್ಲ ಅಲ್ವಾ? ಹಾಗಾಗಿ ಕೊನೆಯಲ್ಲಿ 'ಈಚ್' ಬೇಕು. ಮೂವರೂ ಸೇರಿ ಕೊಂಡದ್ದು ಎರಡೇ ಆದರೆ 'ಬಿಟ್ವೀನ್ ದೆಮ್'.

'ಆಲ್ ದ ಸ್ಟೂಡೆಂಟ್ಸ್ ಡಿಡ್ ನಾಟ್ ಕಮ್' ಇನ್ನೂ ಕಷ್ಟ. ಒಬ್ಬರೂ ಬರಲಿಲ್ಲವೋ, ಕೆಲವರು ಮಾತ್ರ ಬರಲಿಲ್ಲವೋ? ನಮ್ಮ 'ಎಲ್ಲರೂ ಬರಲಿಲ್ಲ' ಎಂಬುದಕ್ಕೂ ಇದೇ ಎರಡು ಅರ್ಥ ಇರುವುದರಿಂದ ಗೊಂದಲ ಇದೆ ಅಂತಲೇ ಕನ್ನಡದವರಿಗೆ ಅನ್ನಿಸುವುದಿಲ್ಲ. ನಾನು ಬೋರ್ಡಿನ ಮೇಲೆ ಹತ್ತು ಸೊನ್ನೆ ಬರೆದು, ಬಾರದವರನ್ನು ಹೊಡೆದುಹಾಕಿ ಎನ್ನುತ್ತೇನೆ. ಒಬ್ಬರು ಹತ್ತನ್ನೂ ಹೊಡೆಯುತ್ತಾರೆ, ಇನ್ನೊಬ್ಬರು ಮೂರು ಹೊಡೆದು ನಿಲ್ಲಿಸುತ್ತಾರೆ. ಆಗ 'ನಾಟ್ ಆಲ್', 'ನನ್' ಯಾಕೆ ಬೇಕು ಅಂತ ಬಾಯಿಬಿಟ್ಟು ಹೇಳಬೇಕಾಗುವುದೇ ಇಲ್ಲ.

ಹತ್ತಕ್ಕಿಂತ 'ತ್ರೀ ಟೈಮ್ಸ್ ಮೋರ್' ಅಂದರೆ? ಬರೆಯುವವರು ಹೆಚ್ಚಾಗಿ 30 ಅಂದುಕೊಂಡೇ ಬರೆಯುತ್ತಾರೆ. ಆದರೆ ಹತ್ತರ ಮೇಲೆ ಅದರ ಮೂರರಷ್ಟು ಸೇರಿಸಿ 40 ಎನ್ನುವವರೂ ಇದ್ದಾರೆ. ನೀವು ಬರೆಯುವಾಗ 'ತ್ರೀ ಟೈಮ್ಸ್ ಆಸ್ ಮೆನಿ' ಎಂದೇ ಬರೆಯಿರಿ. ಶೇಕಡಾವಾರು ಕೂಡ ಹೀಗೆಯೇ. ಶೇ. 10 ಇದ್ದ ಬಡ್ಡಿ ಶೇ. 15 ಆದರೆ ಏರಿದ್ದು 5 ಪರ್ಸೆಂಟೇಜ್ ಪಾಯಿಂಟ್. ಹಳೆಯ ದರಕ್ಕೆ ಹೋಲಿಸಿದರೆ ಶೇ. 50 ಏರಿಕೆ.

ಅಂಕಿ ಬರೆಸುವ ಉಪಾಯ 'ಫ್ಯೂ', 'ಎ ಫ್ಯೂ' ಹತ್ತಿರ ಮಾತ್ರ ನಡೆಯುವುದಿಲ್ಲ. ಎರಡು ಕಡೆಯೂ ಬಂದವರು ಮೂರೇ ಜನ ಇರಬಹುದು. 'ಎ ಫ್ಯೂ ಕೇಮ್' ಅಂದರೆ ಮೂರು ಜನವಾದರೂ ಬಂದರು. 'ಫ್ಯೂ ಕೇಮ್' ಅಂದರೆ ಬಂದದ್ದು ಮೂರೇ ಜನ. ಇಲ್ಲಿ ಮಾತ್ರ ನಾನು ಕನ್ನಡವನ್ನೇ ಹಿಡಿಯುತ್ತೇನೆ. 'ಆದರೂ', 'ಏ' ಎರಡನ್ನೂ ಪಕ್ಕದಲ್ಲಿಟ್ಟರೆ ತಕ್ಷಣ ಹೊಳೆಯುತ್ತದೆ.

ಕೆಲವು ಪದಗಳು ಎಷ್ಟು ಯೋಚಿಸಿದರೂ ಬಗೆಹರಿಯುವುದಿಲ್ಲ. ಹಳೆಯ ಬ್ರಿಟಿಷ್ ಪುಸ್ತಕದ 'ಬಿಲಿಯನ್' ಲಕ್ಷ ಕೋಟಿ ಇರಬಹುದು. ಅಲ್ಲಿನ ಸರ್ಕಾರ 100 ಕೋಟಿಯ ಬಿಲಿಯನ್ನನ್ನು ಒಪ್ಪಿಕೊಂಡದ್ದು 1974ರಲ್ಲಿ. 'ಬೈವೀಕ್ಲಿ' ಪದಕ್ಕಂತೂ ವಾರಕ್ಕೆರಡು ಸಲ, ಎರಡು ವಾರಕ್ಕೊಮ್ಮೆ ಎಂಬ ಎರಡೂ ಅರ್ಥ ನಿಘಂಟಿನಲ್ಲೇ ಇವೆ. ಸುಮ್ನೆ ಊಹೆ ಮಾಡುವ ಬದಲು ಬರೆದವರನ್ನೇ ಕೇಳಬೇಕು. ಕೇಳುವ ಧೈರ್ಯ ಬರಲಿ ಅಂತ ಆ ಪ್ರಶ್ನೆಯನ್ನೂ ಜೋರಾಗಿ ಹೇಳಿಸುತ್ತೇನೆ: 'ಟ್ವೈಸ್ ಎ ವೀಕ್, ಆರ್ ಎವ್ರಿ ಟೂ ವೀಕ್ಸ್?'